ಎಲೆಕ್ಟ್ರಿಕ್ ಬೈಕ್ ಕೊಳ್ಳುವವರಿಗೆ ಸಿಗುವ ತೆರಿಗೆ ವಿನಾಯಿತಿ ಮತ್ತು ಸಬ್ಸಿಡಿ: ಕರ್ನಾಟಕದ ಖರೀದಿದಾರರಿಗೊಂದು ಸಮಗ್ರ ಮಾರ್ಗದರ್ಶಿ

ಎಲೆಕ್ಟ್ರಿಕ್ ಬೈಕ್ ನೋಡಲು ಶೋರೂಮಿಗೆ ಹೋದವರಲ್ಲಿ ಹೆಚ್ಚಿನವರು ಮೊದಲು ಕೇಳುವುದು ಸಬ್ಸಿಡಿ ಎಷ್ಟು ಎಂದು. 2021ರಿಂದ 2023ರವರೆಗೆ ಆ ಪ್ರಶ್ನೆಗೆ ಬಹಳ ತೂಕವಿತ್ತು. ಒಂದೊಂದು ವಾಹನದ ಮೇಲೆ ಕೇಂದ್ರ ಸರ್ಕಾರದಿಂದ ಮೂವತ್ತು, ನಲವತ್ತು ಸಾವಿರ ರೂಪಾಯಿ ಬರುತ್ತಿದ್ದ ಕಾಲ ಅದು. ಆ ಮೊತ್ತ ವರ್ಷದಿಂದ ವರ್ಷಕ್ಕೆ ಕರಗಿ ಕೊನೆಗೆ ಐದು ಸಾವಿರಕ್ಕೆ ಇಳಿಯಿತು. ಕರ್ನಾಟಕದಲ್ಲಿ ಬೈಕ್ ಕೊಳ್ಳುವವರ ಕೈಯಲ್ಲಿ ಉಳಿಯುವ ಹಣದ ದೊಡ್ಡ ಪಾಲು ಈಗ ಬರುವುದು ಸಬ್ಸಿಡಿಯಿಂದಲ್ಲ, ಕಟ್ಟದೆ ಉಳಿಯುವ ರಸ್ತೆ ತೆರಿಗೆಯಿಂದ ಮತ್ತು ಕಡಿಮೆ ದರದ ಜಿಎಸ್‌ಟಿಯಿಂದ. ಇದನ್ನು ತಿಳಿಯದೆ ಹೋದವರು ಐದು ಸಾವಿರಕ್ಕಾಗಿ ಗಂಟೆಗಟ್ಟಲೆ ಚೌಕಾಸಿ ಮಾಡಿ, ಕೊಟೇಶನ್ನಿನ ಇನ್ನೊಂದು ಸಾಲಿನಲ್ಲಿ ಅದಕ್ಕಿಂತ ಹೆಚ್ಚಿನ ಹಣವನ್ನು ಸದ್ದಿಲ್ಲದೆ ಕೊಟ್ಟು ಬರುತ್ತಾರೆ. ಹಾಗಾಗಬಾರದು ಎಂಬ ಕಾಳಜಿಯಿಂದ, ಬುಕ್ ಮಾಡುವ ಮುನ್ನದ ವಿಚಾರಣೆಯಿಂದ ಹಿಡಿದು ಆದಾಯ ತೆರಿಗೆ ರಿಟರ್ನ್ ಸಲ್ಲಿಸುವವರೆಗಿನ ಹೆಜ್ಜೆಗಳನ್ನು ಕ್ರಮವಾಗಿ ಇಲ್ಲಿ ವಿವರಿಸಿದ್ದೇನೆ.

ಮೊದಲು ಪದಗಳ ಗೊಂದಲ ಬಿಡಿಸಿಕೊಳ್ಳಬೇಕು

ಅಮೆರಿಕದ ವಿಡಿಯೊಗಳಲ್ಲಿ ‘ಟ್ಯಾಕ್ಸ್ ಕ್ರೆಡಿಟ್’ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಕಟ್ಟಬೇಕಾದ ಆದಾಯ ತೆರಿಗೆಯ ಮೊತ್ತದಲ್ಲೇ ಇಂತಿಷ್ಟು ಹಣವನ್ನು ನೇರವಾಗಿ ಕಳೆಯುವ ವ್ಯವಸ್ಥೆ ಅದು. ಅಲ್ಲಿ ಎಲೆಕ್ಟ್ರಿಕ್ ಮೋಟಾರ್‌ಸೈಕಲ್ ಕೊಂಡವರಿಗೆ ಬೆಲೆಯ ಶೇ 10ರಷ್ಟು, ಗರಿಷ್ಠ 2,500 ಡಾಲರ್ ಕ್ರೆಡಿಟ್ ಸಿಗುತ್ತಿತ್ತು. ಬ್ಯಾಟರಿ ಕನಿಷ್ಠ 2.5 ಕಿಲೋವ್ಯಾಟ್ ಅವರ್ (ಬ್ಯಾಟರಿ ಹಿಡಿದಿಡುವ ವಿದ್ಯುತ್ತಿನ ಅಳತೆ) ಇರಬೇಕು, ವಾಹನ ಗಂಟೆಗೆ 45 ಮೈಲಿ ವೇಗ ಮುಟ್ಟಬಲ್ಲದ್ದಾಗಿರಬೇಕು ಎಂಬ ಷರತ್ತುಗಳಿದ್ದವು. 2021ರ ಡಿಸೆಂಬರ್ 31ಕ್ಕೆ ಅದರ ಅವಧಿ ಮುಗಿಯಿತು. 2022ರ ಕಾಯ್ದೆ ಕಾರುಗಳಿಗೆ ಕ್ರೆಡಿಟ್ ಮುಂದುವರಿಸಿದರೂ ದ್ವಿಚಕ್ರಗಳಿಗೆ ಅದನ್ನು ಮರಳಿ ಕೊಡಲಿಲ್ಲ. ಅಲ್ಲಿ ನೆಲೆಸಿರುವ ನಮ್ಮವರು ಹಳೆಯ ವಿಡಿಯೊ ನೋಡಿ ಆ ಹಣದ ಲೆಕ್ಕ ಹಾಕಿಕೊಳ್ಳಬಾರದು.

ಭಾರತದಲ್ಲಿ ಎಲೆಕ್ಟ್ರಿಕ್ ಬೈಕ್ ಕೊಂಡಿದ್ದಕ್ಕಾಗಿ ಅಂಥ ಕ್ರೆಡಿಟ್ ಯಾವತ್ತೂ ಇರಲಿಲ್ಲ. ಇಲ್ಲಿರುವ ಸೌಲಭ್ಯಗಳ ಸ್ವರೂಪ ಬೇರೆ. ಕೇಂದ್ರದ ಪ್ರೋತ್ಸಾಹಧನವು ಖರೀದಿದಾರರ ಖಾತೆಗೆ ಬರುವುದಿಲ್ಲ. ಕಂಪನಿ ಮೊದಲೇ ಬೆಲೆಯಲ್ಲಿ ಕಳೆದು ಮಾರುತ್ತದೆ, ಆಮೇಲೆ ಸರ್ಕಾರದಿಂದ ವಸೂಲು ಮಾಡಿಕೊಳ್ಳುತ್ತದೆ. ರಾಜ್ಯದ ಸೌಲಭ್ಯವೆಂದರೆ ತೆರಿಗೆ ವಿನಾಯಿತಿ, ಅಂದರೆ ಆ ತೆರಿಗೆಯನ್ನು ಕಟ್ಟುವ ಪ್ರಮೇಯವೇ ಇಲ್ಲ. ಆದಾಯ ತೆರಿಗೆಯಲ್ಲಿರುವುದು ‘ಕಡಿತ’. ಅದು ತೆರಿಗೆಯನ್ನಲ್ಲ, ತೆರಿಗೆಗೆ ಒಳಪಡುವ ಆದಾಯವನ್ನು ಕಡಿಮೆ ಮಾಡುತ್ತದೆ. ಹತ್ತು ಸಾವಿರ ರೂಪಾಯಿಯ ಕಡಿತ ಸಿಕ್ಕಿತೆಂದರೆ ಹತ್ತು ಸಾವಿರ ಉಳಿಯಿತು ಎಂದು ತಿಳಿಯುವುದು ತಪ್ಪು. ಶೇ 20ರ ಸ್ಲ್ಯಾಬಿನಲ್ಲಿರುವವರಿಗೆ ಅದರಿಂದ ಉಳಿಯುವುದು ಸುಮಾರು ಎರಡು ಸಾವಿರ ಮಾತ್ರ.

ಹೆಜ್ಜೆ 1: ನೀವು ನೋಡುತ್ತಿರುವ ವಾಹನ ಅರ್ಹವೇ ಎಂದು ಖಚಿತಪಡಿಸಿಕೊಳ್ಳಿ

ಮೋಟಾರಿನ ಶಕ್ತಿ 250 ವ್ಯಾಟ್ ಮೀರದ, ವೇಗ ಗಂಟೆಗೆ 25 ಕಿಲೋಮೀಟರ್ ದಾಟದ ವಾಹನಗಳಿಗೆ ನೋಂದಣಿಯ ಅಗತ್ಯವಿಲ್ಲ. ನಂಬರ್ ಪ್ಲೇಟ್ ಇಲ್ಲದೆ ಓಡಾಡುವ ಈ ಸಣ್ಣ ವಾಹನಗಳಿಗೆ ಕೇಂದ್ರದ ಈಚಿನ ಸಬ್ಸಿಡಿ ಯೋಜನೆಗಳು ಅನ್ವಯಿಸಲಿಲ್ಲ. ಸೀಸದ ಬ್ಯಾಟರಿಯ ವಾಹನಗಳನ್ನೂ ಯೋಜನೆಯಿಂದ ಹೊರಗಿಡಲಾಗಿದೆ. ಸೆಕೆಂಡ್ ಹ್ಯಾಂಡ್ ಬೈಕಿಗೆ ಸಬ್ಸಿಡಿಯ ಪ್ರಶ್ನೆಯೇ ಬರುವುದಿಲ್ಲ. ಅದನ್ನು ಮೊದಲ ಮಾಲೀಕರು ಆಗಲೇ ಪಡೆದಿರುತ್ತಾರೆ.

ಸ್ಕೂಟರ್ ಬಿಟ್ಟು ಮೋಟಾರ್‌ಸೈಕಲ್ ಕೊಳ್ಳುವವರು ಬೆಲೆಯ ಮಿತಿಯನ್ನು ವಿಶೇಷವಾಗಿ ಗಮನಿಸಬೇಕು. ಎಕ್ಸ್-ಫ್ಯಾಕ್ಟರಿ ಬೆಲೆ, ಅಂದರೆ ಕಾರ್ಖಾನೆಯ ಬಾಗಿಲಲ್ಲಿನ ಬೆಲೆ, 1.5 ಲಕ್ಷ ರೂಪಾಯಿ ಮೀರಿದ ದ್ವಿಚಕ್ರಕ್ಕೆ ಕೇಂದ್ರದ ಸಬ್ಸಿಡಿ ಇಲ್ಲ. ಬೆಂಗಳೂರಿನ ಅಲ್ಟ್ರಾವೈಲೆಟ್ ಕಂಪನಿಯ ಎಫ್77 ಬೈಕಿನ ಬೆಲೆ ಇದರ ಸುಮಾರು ಎರಡು ಪಟ್ಟು. ಆದ್ದರಿಂದ ಅಂಥ ಬೈಕು ಎಷ್ಟೇ ಒಳ್ಳೆಯದಿರಲಿ, ಸ್ವದೇಶಿಯೇ ಆಗಿರಲಿ, ಈ ಪಟ್ಟಿಗೆ ಬರುವುದಿಲ್ಲ. ರಿವೋಲ್ಟ್, ಒಬೆನ್ ಮೊದಲಾದ ಕಂಪನಿಗಳ ಒಂದು ಲಕ್ಷದ ಆಸುಪಾಸಿನ ಬೈಕುಗಳು ಬೆಲೆಯ ಮಿತಿಯೊಳಗೆ ಬರುತ್ತವೆ. ಆದರೆ ಬೆಲೆ ಮಿತಿಯೊಳಗಿದ್ದ ಮಾತ್ರಕ್ಕೆ ಸಾಲದು. ನೀವು ಆರಿಸಿದ ಮಾದರಿ ಮಾತ್ರವಲ್ಲ, ಅದೇ ಬ್ಯಾಟರಿ ಗಾತ್ರದ ಆ ನಿರ್ದಿಷ್ಟ ವೇರಿಯಂಟ್ ಕೇಂದ್ರದ ಭಾರಿ ಕೈಗಾರಿಕೆಗಳ ಸಚಿವಾಲಯ ನಡೆಸುವ ಪಿಎಂ ಇ-ಡ್ರೈವ್ ಎಂಬ ಸಬ್ಸಿಡಿ ಯೋಜನೆಯ ಪೋರ್ಟಲ್‌ನ ಅನುಮೋದಿತ ಪಟ್ಟಿಯಲ್ಲಿದೆಯೇ ಎಂದು ನೀವೇ ನೋಡಿಕೊಳ್ಳಿ.

ಹೆಜ್ಜೆ 2: ಕೇಂದ್ರದ ಸಬ್ಸಿಡಿಯ ಲೆಕ್ಕವನ್ನು ಸ್ವತಃ ಹಾಕಿ

ಈ ಲೆಕ್ಕ ಬಹಳ ಸರಳ, ಆದರೆ ಅದರ ಚರಿತ್ರೆ ತಿಳಿದರೆ ಮಾತ್ರ ಶೋರೂಮಿನಲ್ಲಿ ಹೇಳುವ ಮಾತನ್ನು ತೂಗಿ ನೋಡಬಹುದು. ವಿದ್ಯುತ್ ವಾಹನಗಳಿಗೆ ಕೇಂದ್ರ ಮೊದಲು ಸಬ್ಸಿಡಿ ಕೊಡುತ್ತಿದ್ದ ಫೇಮ್ ಯೋಜನೆಯ ಮೊದಲ ಹಂತ 2015ರಲ್ಲಿ, ಎರಡನೆಯದು 2019ರ ಏಪ್ರಿಲ್ 1ರಂದು ಶುರುವಾಯಿತು. ಎರಡನೇ ಹಂತದಲ್ಲಿ ಪ್ರತಿ ಕಿಲೋವ್ಯಾಟ್ ಅವರ್ ಬ್ಯಾಟರಿಗೆ 10,000 ರೂಪಾಯಿ ಇದ್ದದ್ದನ್ನು 2021ರ ಜೂನ್‌ನಲ್ಲಿ 15,000ಕ್ಕೆ ಏರಿಸಿ, ವಾಹನದ ಬೆಲೆಯ ಶೇ 40ರವರೆಗೆ ಕೊಡಬಹುದೆಂದು ಮಾಡಿದರು. 2023ರ ಜೂನ್ 1ರಿಂದ ಅದು ಮತ್ತೆ 10,000ಕ್ಕೆ, ಮಿತಿ ಶೇ 15ಕ್ಕೆ ಇಳಿಯಿತು. ಫೇಮ್ 2024ರ ಮಾರ್ಚ್ 31ಕ್ಕೆ ಮುಗಿದ ಮೇಲೆ ಆರು ತಿಂಗಳ ಮಟ್ಟಿಗೆ ಒಂದು ತಾತ್ಕಾಲಿಕ ಯೋಜನೆ ನಡೆಯಿತು. ಅದರಲ್ಲಿ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000, ಗರಿಷ್ಠ 10,000 ರೂಪಾಯಿ. 2024ರ ಅಕ್ಟೋಬರ್ 1ರಂದು 10,900 ಕೋಟಿ ರೂಪಾಯಿಯ ಪಿಎಂ ಇ-ಡ್ರೈವ್ ಆರಂಭವಾಯಿತು. ಮಂಡ್ಯದ ಸಂಸದರೂ ಭಾರಿ ಕೈಗಾರಿಕೆಗಳ ಸಚಿವರೂ ಆದ ಎಚ್.ಡಿ. ಕುಮಾರಸ್ವಾಮಿ ಅವರ ಸಚಿವಾಲಯವೇ ಇದನ್ನು ನಡೆಸುತ್ತದೆ. ಇದರಲ್ಲಿ ಮೊದಲ ವರ್ಷ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000, ಗರಿಷ್ಠ 10,000 ರೂಪಾಯಿ ಇತ್ತು. 2025-26ರಲ್ಲಿ ಅದು ಅರ್ಧವಾಗಿ 2,500 ಮತ್ತು ಗರಿಷ್ಠ 5,000 ರೂಪಾಯಿ ಆಯಿತು.

ಎಕ್ಸ್-ಫ್ಯಾಕ್ಟರಿ ಬೆಲೆ ಒಂದು ಲಕ್ಷ ರೂಪಾಯಿ, ಬ್ಯಾಟರಿ 3 ಕಿಲೋವ್ಯಾಟ್ ಅವರ್ ಇರುವ ಒಂದು ಬೈಕನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 2022ರಲ್ಲಿ ಅದಕ್ಕೆ ಮೂರು ಹದಿನೈದಲೆ 45,000 ಆಗಬೇಕಿತ್ತು. ಶೇ 40ರ ಮಿತಿಯಿಂದಾಗಿ 40,000 ಸಿಗುತ್ತಿತ್ತು. 2023ರ ಜೂನ್ ನಂತರ ಲೆಕ್ಕದಂತೆ 30,000 ಬಂದರೂ ಶೇ 15ರ ಮಿತಿ ತಡೆದು 15,000 ಮಾತ್ರ ಕೈಗೆ ಸಿಗುತ್ತಿತ್ತು. 2024ರಲ್ಲಿ 10,000, 2025-26ರಲ್ಲಿ 5,000. ಬ್ಯಾಟರಿ 2 ಕಿಲೋವ್ಯಾಟ್ ಅವರ್ ದಾಟಿದ ಮೇಲೆ ಗಾತ್ರ ಎಷ್ಟೇ ಹೆಚ್ಚಿದರೂ ಈ ಕೊನೆಯ ಎರಡು ದರಗಳಲ್ಲಿ ಸಬ್ಸಿಡಿ ಹೆಚ್ಚುವುದಿಲ್ಲ ಎಂಬುದನ್ನು ಗಮನಿಸಿ. ದೊಡ್ಡ ಬ್ಯಾಟರಿ ತೆಗೆದುಕೊಂಡರೆ ಸಬ್ಸಿಡಿ ಜಾಸ್ತಿ ಎಂದು ಯಾರಾದರೂ ಹೇಳಿದರೆ ಅದು ಹಳೆಯ ಕಾಲದ ಮಾತು.

2025ರ ಆಗಸ್ಟ್‌ನಲ್ಲಿ ಯೋಜನೆಯನ್ನು 2028ರ ಮಾರ್ಚ್‌ವರೆಗೆ ವಿಸ್ತರಿಸಿದಾಗ ಪತ್ರಿಕೆಗಳ ತಲೆಬರಹ ನೋಡಿದ ಅನೇಕರು ದ್ವಿಚಕ್ರಗಳಿಗೂ ಅಲ್ಲಿಯವರೆಗೆ ಹಣ ಸಿಗುತ್ತದೆ ಎಂದುಕೊಂಡರು. ಆ ವಿಸ್ತರಣೆಯ ಲಾಭ ಬಸ್ಸು, ಟ್ರಕ್ಕು, ಚಾರ್ಜಿಂಗ್ ಕೇಂದ್ರದಂಥ ಭಾಗಗಳಿಗೆ. ದ್ವಿಚಕ್ರ, ತ್ರಿಚಕ್ರಗಳಿಗೆ ಅದೇ ಅಧಿಸೂಚನೆ ಹೇಳಿದ ಕೊನೆಯ ದಿನ 2026ರ ಮಾರ್ಚ್ 31. ಇದಲ್ಲದೆ ಮೀಸಲಿಟ್ಟ ಹಣ ಮುಗಿದರೆ ಗಡುವಿಗೆ ಮೊದಲೇ ಬಾಗಿಲು ಮುಚ್ಚುವ ಯೋಜನೆ ಇದು. ಆ ದಿನಾಂಕದ ನಂತರದ ಖರೀದಿಗೆ ಯಾರಾದರೂ ಕೇಂದ್ರ ಸಬ್ಸಿಡಿಯ ಭರವಸೆ ಕೊಟ್ಟರೆ, ಅದಕ್ಕೆ ಆಧಾರವಾದ ಹೊಸ ಅಧಿಸೂಚನೆಯನ್ನು ತೋರಿಸುವಂತೆ ಕೇಳುವುದು ನಿಮ್ಮ ಹಕ್ಕು.

ದರ ಬದಲಾಗುವ ಹೊಸ್ತಿಲಲ್ಲಿ ಕೊಳ್ಳುವವರಿಗೆ ಒಂದು ಎಚ್ಚರಿಕೆ. ನನ್ನ ತಂಗಿಯ ಮಗ 2023ರ ಮೇ ಕೊನೆಯ ವಾರ ಮುಂಗಡ ಕೊಟ್ಟು ಬೈಕ್ ಬುಕ್ ಮಾಡಿದ್ದ. ಹಳೆಯ ದರವೇ ಸಿಗುತ್ತದೆ ಎಂದು ಶೋರೂಮಿನವರು ಬಾಯಿಮಾತಿನಲ್ಲಿ ಹೇಳಿದ್ದರು. ಇನ್ವಾಯ್ಸ್ ಆದದ್ದು ಜೂನ್ ಎರಡನೇ ವಾರದಲ್ಲಿ, ಹೊಸ ದರದಲ್ಲಿ. ಮನೆಯವರೆಲ್ಲ ಕೂಡಿಸಿಟ್ಟ ಹಣ ಸಾಲದೆ ಅವನು ಕೈಸಾಲ ಮಾಡಬೇಕಾಯಿತು. ಬುಕಿಂಗ್ ರಸೀದಿಯ ದಿನಾಂಕ ನಿಮ್ಮ ಸಬ್ಸಿಡಿಯನ್ನು ಕಾಯುವುದಿಲ್ಲ. ಮಾರಾಟ ಮತ್ತು ನೋಂದಣಿಯ ದಿನಾಂಕಗಳೇ ಮುಖ್ಯ. ಗಡುವಿಗೆ ಒಂದು ತಿಂಗಳೂ ಉಳಿಯದಿದ್ದಾಗ ಬುಕ್ ಮಾಡುವುದಾದರೆ, ಗಾಡಿ ಶೋರೂಮಿನ ಸ್ಟಾಕಿನಲ್ಲಿಯೇ ಇದೆಯೇ ಎಂದು ಚಾಸಿ ನಂಬರ್ ಸಮೇತ ಕೇಳಿ ತಿಳಿದುಕೊಳ್ಳಿ. ಸಬ್ಸಿಡಿ ತಪ್ಪಿದರೆ ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ ಎಂದು ಬರಹದಲ್ಲಿ ಪಡೆಯಿರಿ.

ಹೆಜ್ಜೆ 3: ಇ-ವೋಚರ್ ದಿನ

ಪಿಎಂ ಇ-ಡ್ರೈವ್‌ನಲ್ಲಿ ಖರೀದಿದಾರರು ಅರ್ಜಿ ಬರೆದು ಎಲ್ಲಿಗೂ ಕಳಿಸಬೇಕಾಗಿಲ್ಲ. ಆದರೂ ಒಂದು ಕೆಲಸವನ್ನು ಅವರೇ ಮಾಡಬೇಕು, ಬೇರೆಯವರು ಮಾಡಲಾಗದು. ಮಾರಾಟದ ಸಮಯದಲ್ಲಿ ಆಧಾರ್ ಮೂಲಕ ನಿಮ್ಮ ಗುರುತನ್ನು ದೃಢೀಕರಿಸಲಾಗುತ್ತದೆ, ಮುಖದ ಫೋಟೊ ತೆಗೆಯಲಾಗುತ್ತದೆ. ಅದಾದ ಮೇಲೆ ಪೋರ್ಟಲ್ ಒಂದು ಇ-ವೋಚರ್ ಸೃಷ್ಟಿಸಿ, ಅದನ್ನು ಇಳಿಸಿಕೊಳ್ಳುವ ಕೊಂಡಿಯನ್ನು ನಿಮ್ಮ ಮೊಬೈಲಿಗೆ ಕಳಿಸುತ್ತದೆ. ನೀವು ಸಹಿ ಮಾಡಿ ಡೀಲರ್‌ಗೆ ಕೊಡಬೇಕು, ಡೀಲರ್ ತಾನೂ ಸಹಿ ಮಾಡಿ ಪೋರ್ಟಲ್‌ಗೆ ಏರಿಸಬೇಕು. ಎರಡೂ ಸಹಿಗಳಿರುವ ಪ್ರತಿ ಆಮೇಲೆ ಎಸ್‌ಎಂಎಸ್ ಮೂಲಕ ಇಬ್ಬರಿಗೂ ಬರುತ್ತದೆ. ಕಂಪನಿ ಸರ್ಕಾರದಿಂದ ಹಣ ಪಡೆಯುವುದು ಈ ಪ್ರತಿಯ ಆಧಾರದ ಮೇಲೆ.

ಆದ್ದರಿಂದ ಶೋರೂಮಿಗೆ ಹೋಗುವ ಮುನ್ನ ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಚಾಲ್ತಿಯಲ್ಲಿದೆಯೇ ಎಂದು ನೋಡಿಕೊಳ್ಳಿ. ಊರಿನಲ್ಲಿರುವ ತಂದೆಯ ಹೆಸರಿನಲ್ಲಿ ಗಾಡಿ ತೆಗೆಸಿ, ಬೆಂಗಳೂರಿನಲ್ಲಿರುವ ಮಗ ಓಡಿಸುವ ರೂಢಿ ನಮ್ಮಲ್ಲಿ ಬಹಳ ಇದೆ; ಹಾಗೆ ಮಾಡುವುದಾದರೆ ತಂದೆಯವರೇ ಖುದ್ದಾಗಿ ಶೋರೂಮಿಗೆ ಬರಬೇಕಾಗುತ್ತದೆ. ಆಧಾರ್, ಇನ್ವಾಯ್ಸ್, ನೋಂದಣಿ ಈ ಮೂರರಲ್ಲೂ ಹೆಸರು ಒಂದೇ ರೀತಿ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆಗುವುದು ನಮ್ಮ ಹೆಸರುಗಳಲ್ಲಿ ಸಾಮಾನ್ಯವಾದ್ದರಿಂದ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಹೆಜ್ಜೆ 4: ಲೈಫ್ ಟ್ಯಾಕ್ಸ್, ಅಂದರೆ ನಿಜವಾದ ಉಳಿತಾಯ

ಕರ್ನಾಟಕದಲ್ಲಿ ಪೆಟ್ರೋಲ್ ಬೈಕ್ ಕೊಂಡವರು ನೋಂದಣಿಯ ಹೊತ್ತಿನಲ್ಲಿಯೇ ಜೀವಿತಾವಧಿ ತೆರಿಗೆ, ಅಂದರೆ ಒಂದೇ ಬಾರಿಗೆ ಕಟ್ಟುವ ರಸ್ತೆ ತೆರಿಗೆ, ಕಟ್ಟುತ್ತಾರೆ. ಬೆಲೆ 50,000 ರೂಪಾಯಿಯವರೆಗಿದ್ದರೆ ಶೇ 10, ಒಂದು ಲಕ್ಷದವರೆಗಿದ್ದರೆ ಶೇ 12, ಒಂದು ಲಕ್ಷ ದಾಟಿದರೆ ಶೇ 18. ಅದರ ಮೇಲೆ ಸೆಸ್ ಬೇರೆ. 1,20,000 ರೂಪಾಯಿಯ ಪೆಟ್ರೋಲ್ ಬೈಕಿಗೆ ತೆರಿಗೆಯೊಂದೇ 21,600 ರೂಪಾಯಿ ಆಗುತ್ತದೆ. ಎಲೆಕ್ಟ್ರಿಕ್ ದ್ವಿಚಕ್ರಗಳಿಗೆ ರಾಜ್ಯ ಸರ್ಕಾರ ಈ ತೆರಿಗೆಯಿಂದ ಪೂರ್ಣ ವಿನಾಯಿತಿ ಕೊಟ್ಟಿದೆ. ಕೇಂದ್ರ ಕೊಟ್ಟ ಕೊನೆಯ 5,000 ರೂಪಾಯಿಯ ಪಕ್ಕದಲ್ಲಿ ಈ ಮೊತ್ತವನ್ನು ಇಟ್ಟು ನೋಡಿದರೆ ನಾನು ಆರಂಭದಲ್ಲಿ ಹೇಳಿದ ಮಾತು ಸ್ಪಷ್ಟವಾಗುತ್ತದೆ: ಇದು ನಾಲ್ಕು ಪಟ್ಟಿಗಿಂತ ಹೆಚ್ಚು, ಮತ್ತು ಇದಕ್ಕೆ ವೋಚರ್ ಬೇಡ, ಎಕ್ಸ್-ಫ್ಯಾಕ್ಟರಿ ಬೆಲೆಯ ಮಿತಿಯೂ ಇಲ್ಲ. ಎಫ್77ನಂಥ ದುಬಾರಿ ಬೈಕ್ ಕೊಳ್ಳುವವರಿಗೆ ಕೇಂದ್ರದ ಸಬ್ಸಿಡಿ ತಪ್ಪಿದರೂ ಮೂರು ಲಕ್ಷದ ಮೇಲಿನ ಶೇ 18 ಉಳಿಯುತ್ತದೆ, ಅಂದರೆ ಸುಮಾರು 54,000 ರೂಪಾಯಿ.

2017ರಲ್ಲಿ ವಿದ್ಯುತ್ ವಾಹನಗಳಿಗೆಂದೇ ನೀತಿ ರೂಪಿಸಿದ ಮೊದಲ ರಾಜ್ಯ ಕರ್ನಾಟಕ. 2024ರಲ್ಲಿ ಸರ್ಕಾರ 25 ಲಕ್ಷ ರೂಪಾಯಿ ಮೀರಿದ ಎಲೆಕ್ಟ್ರಿಕ್ ಕಾರುಗಳ ಮೇಲೆ ಶೇ 10ರ ಜೀವಿತಾವಧಿ ತೆರಿಗೆ ಹಾಕಿತು; ಆ ತಿದ್ದುಪಡಿ ದ್ವಿಚಕ್ರಗಳನ್ನು ಮುಟ್ಟಲಿಲ್ಲ. ಆದರೂ ವಿನಾಯಿತಿ ಸರ್ಕಾರದ ಆದೇಶದ ಮೇಲೆ ನಿಂತಿರುವುದರಿಂದ, ಪ್ರತಿ ಬಜೆಟ್ ಬಂದ ಮೇಲೆ ಒಮ್ಮೆ ವಿಚಾರಿಸುವುದು ವಿವೇಕ. ವಾಹನ ನೋಂದಣಿಯ ಸರ್ಕಾರಿ ತಾಣವಾದ ಪರಿವಾಹನ್ ಜಾಲತಾಣದಲ್ಲಿ ತೆರಿಗೆಯ ಮೊತ್ತ ಏನೆಂದು ತೋರಿಸುತ್ತದೋ ಅದೇ ಅಂತಿಮ. ಶೋರೂಮಿನ ಕೊಟೇಶನ್‌ನಲ್ಲಿ ಬರೆದಿರುವ ಅಂಕಿ ಅಲ್ಲ.

ಇದಲ್ಲದೆ ಕೇಂದ್ರ ಸಾರಿಗೆ ಸಚಿವಾಲಯ 2021ರ ಆಗಸ್ಟ್ 2ರ ಅಧಿಸೂಚನೆಯ ಮೂಲಕ ಬ್ಯಾಟರಿ ವಾಹನಗಳಿಗೆ ನೋಂದಣಿ ಪತ್ರ ಕೊಡುವ ಮತ್ತು ನವೀಕರಿಸುವ ಶುಲ್ಕವನ್ನು ರದ್ದು ಮಾಡಿದೆ. ಮೊತ್ತ ಚಿಕ್ಕದು. ಸ್ಮಾರ್ಟ್ ಕಾರ್ಡ್, ನಂಬರ್ ಪ್ಲೇಟ್, ಸಾಲ ಮಾಡಿದ್ದರೆ ಹೈಪೊಥಿಕೇಶನ್ (ನೋಂದಣಿ ಪತ್ರದಲ್ಲಿ ಸಾಲದ ನಮೂದು) ಇವುಗಳ ಖರ್ಚನ್ನು ನೀವು ಕೊಡಬೇಕಾಗಬಹುದು. ಆದರೆ ಎಲೆಕ್ಟ್ರಿಕ್ ಬೈಕಿನ ಕೊಟೇಶನ್‌ನಲ್ಲಿ ‘ಆರ್‌ಟಿಒ’ ಎಂಬ ಒಂದೇ ಸಾಲಿನಲ್ಲಿ ಎಂಟು ಹತ್ತು ಸಾವಿರ ಬರೆದಿದ್ದರೆ ಅದರ ವಿಂಗಡಣೆ ಕೇಳಲೇಬೇಕು. ‘ಹ್ಯಾಂಡ್ಲಿಂಗ್ ಚಾರ್ಜ್’, ‘ಲಾಜಿಸ್ಟಿಕ್ಸ್’ ಎಂದು ಸೇರಿಸುವ ಸಾಲುಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಸರ್ಕಾರ ಬಿಟ್ಟುಕೊಟ್ಟ ಹಣ ಈ ಸಾಲುಗಳ ಮೂಲಕ ಮತ್ತೆ ಕೈಬಿಟ್ಟು ಹೋಗುವುದನ್ನು ನಾನು ಹಲವರ ಕೊಟೇಶನ್‌ಗಳಲ್ಲಿ ಕಂಡಿದ್ದೇನೆ.

ರಾಜ್ಯದಿಂದ ರಾಜ್ಯಕ್ಕೆ ವರ್ಗವಾಗುವ ನೌಕರಿಯಲ್ಲಿರುವವರು ರಾಜ್ಯ ಬದಲಾದರೂ ಮತ್ತೆ ನೋಂದಣಿ ಬೇಡದ ಬಿಎಚ್ (ಭಾರತ್) ಸರಣಿಯ ನಂಬರ್ ಪಡೆಯಲು ಮನಸ್ಸು ಮಾಡುತ್ತಾರೆ. ಅವರು ಒಂದು ಕ್ಷಣ ನಿಲ್ಲಬೇಕು. ಬಿಎಚ್ ಸರಣಿಯಲ್ಲಿ ಎಲೆಕ್ಟ್ರಿಕ್ ವಾಹನಕ್ಕೆ ತೆರಿಗೆ ಶೇ 2ರಷ್ಟು ಕಡಿಮೆಯೇ ಹೊರತು ಸೊನ್ನೆಯಲ್ಲ. ಹತ್ತು ಲಕ್ಷದೊಳಗಿನ ವಾಹನಕ್ಕೆ ಶೇ 8ರ ಬದಲು ಶೇ 6 ಎಂದು ಲೆಕ್ಕ ಹಿಡಿದು ಎರಡೆರಡು ವರ್ಷಕ್ಕೊಮ್ಮೆ ಕಟ್ಟಿಸಿಕೊಳ್ಳುತ್ತಾರೆ. ಕರ್ನಾಟಕದ ಸಾಮಾನ್ಯ ಕೆಎ ನೋಂದಣಿಯಲ್ಲಿ ಏನೂ ಕಟ್ಟಬೇಕಾಗಿಲ್ಲದ ಬೈಕಿಗೆ ಬಿಎಚ್ ತೆಗೆದುಕೊಂಡರೆ ಇಲ್ಲದ ತೆರಿಗೆಯನ್ನು ಕರೆದು ಕಟ್ಟಿದಂತಾಗುತ್ತದೆ. ಮುಂದೆ ವರ್ಗವಾಗುವುದು ಖಚಿತವಿದ್ದು, ಹೋಗುವ ರಾಜ್ಯದಲ್ಲಿ ವಿನಾಯಿತಿ ಇಲ್ಲದಿದ್ದರೆ ಮಾತ್ರ ಅದು ಲಾಭದಾಯಕ.

ಹೊರರಾಜ್ಯಗಳಲ್ಲಿರುವ ಕನ್ನಡಿಗರು ಆಯಾ ರಾಜ್ಯದ ನಿಯಮ ನೋಡಿಕೊಳ್ಳಬೇಕು. ತೆಲಂಗಾಣ 2024ರ ನವೆಂಬರ್ 18ರಿಂದ 2026ರ ಡಿಸೆಂಬರ್ 31ರವರೆಗೆ ಎಲೆಕ್ಟ್ರಿಕ್ ವಾಹನಗಳಿಗೆ ರಸ್ತೆ ತೆರಿಗೆ ಮತ್ತು ನೋಂದಣಿ ಶುಲ್ಕದಿಂದ ಪೂರ್ಣ ವಿನಾಯಿತಿ ಘೋಷಿಸಿತು. ಹೈದರಾಬಾದಿನಲ್ಲಿ ಕೆಲಸದಲ್ಲಿರುವವರು ಬೈಕಿಗಾಗಿ ಕಲಬುರಗಿಗೋ ಬೀದರ್‌ಗೋ ಬರುವ ಅಗತ್ಯ ಅದರಿಂದ ಇಲ್ಲವಾಯಿತು. ದೆಹಲಿಯ 2020ರ ನೀತಿಯಲ್ಲಿ ರಾಜ್ಯವೇ ಪ್ರತಿ ಕಿಲೋವ್ಯಾಟ್ ಅವರ್‌ಗೆ 5,000, ಗರಿಷ್ಠ 30,000 ರೂಪಾಯಿ ಕೊಡುವ ಏರ್ಪಾಡಿತ್ತು. ಕರ್ನಾಟಕದಲ್ಲಿ ದ್ವಿಚಕ್ರ ಕೊಂಡವರಿಗೆ ಅಂಥ ನಗದು ಸಹಾಯವಿಲ್ಲ. ಇಲ್ಲಿನ ನೀತಿ ಒತ್ತು ಕೊಟ್ಟದ್ದು ತೆರಿಗೆ ವಿನಾಯಿತಿಗೆ ಮತ್ತು ಉದ್ಯಮಗಳಿಗೆ.

ಹೆಜ್ಜೆ 5: ಇನ್ವಾಯ್ಸ್ ಓದುವುದು

ಎಲೆಕ್ಟ್ರಿಕ್ ವಾಹನದ ಜಿಎಸ್‌ಟಿ 2019ರ ಆಗಸ್ಟ್ 1ರಿಂದ ಶೇ 5. ಅದಕ್ಕೆ ಮೊದಲು ಶೇ 12 ಇತ್ತು. ಚಾರ್ಜರ್‌ಗೂ ಅದೇ ದಿನ ಶೇ 18ರಿಂದ ಶೇ 5 ಆಯಿತು. ಪೆಟ್ರೋಲ್ ಬೈಕುಗಳಲ್ಲಿ 350 ಸಿಸಿವರೆಗಿನವಕ್ಕೆ ಶೇ 28 ಇದ್ದ ದರ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹೀಗಾಗಿ ತೆರಿಗೆಗೆ ಮುಂಚಿನ ಬೆಲೆ ಒಂದು ಲಕ್ಷವಿರುವ ಎರಡು ಬೈಕುಗಳ ನಡುವೆ ಮೊದಲು 23,000 ಇದ್ದ ಜಿಎಸ್‌ಟಿಯ ಅಂತರ ಈಗ 13,000ಕ್ಕೆ ಬಂದಿದೆ. ಎಲೆಕ್ಟ್ರಿಕ್ ಬೈಕಿನ ಲಾಭವನ್ನು ಹಳೆಯ ಹೋಲಿಕೆಪಟ್ಟಿಗಳಿಂದ ಲೆಕ್ಕ ಹಾಕುವವರು ಈ ಬದಲಾವಣೆಯನ್ನು ಸೇರಿಸಿಕೊಳ್ಳಬೇಕು.

ಇನ್ವಾಯ್ಸ್‌ನಲ್ಲಿ ನೋಡಬೇಕಾದ ಎರಡನೆಯ ಅಂಶ ಚಾರ್ಜರ್. 2023ರಲ್ಲಿ ಕೆಲವು ತಯಾರಕರು ಚಾರ್ಜರ್ ಮತ್ತು ಸಾಫ್ಟ್‌ವೇರ್‌ಗೆ ಬೇರೆಯಾಗಿ ಬೆಲೆ ಹಾಕಿ, ವಾಹನದ ಬೆಲೆಯನ್ನು ಸಬ್ಸಿಡಿಯ ಮಿತಿಯೊಳಗೆ ತೋರಿಸಿದ್ದು ಬೆಳಕಿಗೆ ಬಂದು, ಗ್ರಾಹಕರಿಗೆ ಆ ಹಣವನ್ನು ಹಿಂದಿರುಗಿಸಬೇಕಾಯಿತು. ಅಂದಿನಿಂದ ಪರಿಸ್ಥಿತಿ ಸುಧಾರಿಸಿದೆ. ಆದರೂ ಚಾರ್ಜರ್ ಬೆಲೆಯಲ್ಲಿ ಸೇರಿದೆಯೇ, ಬೇರೆ ಬಿಲ್ ಇದ್ದರೆ ಅದರ ಮೇಲೆ ಹಾಕಿರುವ ಜಿಎಸ್‌ಟಿ ಶೇ 5 ಮಾತ್ರವೇ ಎಂದು ನೋಡಿ. ಬ್ಯಾಟರಿಯ ವಿಷಯ ಹಾಗಲ್ಲ: ಬೈಕಿನ ಜೊತೆ ಬಂದ ಬ್ಯಾಟರಿಗೆ ಶೇ 5, ವರ್ಷಗಳ ನಂತರ ಬದಲಿಗೆಂದು ಬಿಡಿಯಾಗಿ ಕೊಳ್ಳುವ ಲಿಥಿಯಂ ಬ್ಯಾಟರಿಗೆ ಶೇ 18. ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರ್ ಎಂಬುದನ್ನು ಈ ದೃಷ್ಟಿಯಿಂದಲೂ ತೂಗಬೇಕು. ಸಬ್ಸಿಡಿಯಲ್ಲಿ ಸಿಗುವ ಐದು ಸಾವಿರಕ್ಕಿಂತ ಮೂರು ವರ್ಷ ಹೆಚ್ಚಿನ ವಾರಂಟಿ ಬೆಲೆಬಾಳುವಂಥದ್ದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೂರನೆಯದು ಇನ್ಶೂರೆನ್ಸ್. ಹೊಸ ದ್ವಿಚಕ್ರಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಎಲೆಕ್ಟ್ರಿಕ್ ವಾಹನಕ್ಕೆ ಇದರಲ್ಲಿ ಶೇ 15 ರಿಯಾಯಿತಿ ಇದೆ. 2022ರ ಜೂನ್‌ನಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ 75ರಿಂದ 150 ಸಿಸಿ ಪೆಟ್ರೋಲ್ ಬೈಕಿಗೆ ಐದು ವರ್ಷಕ್ಕೆ 3,851 ರೂಪಾಯಿ ಇದ್ದರೆ, 3ರಿಂದ 7 ಕಿಲೋವ್ಯಾಟ್ ಮೋಟಾರಿನ ಎಲೆಕ್ಟ್ರಿಕ್ ಬೈಕಿಗೆ 3,273 ರೂಪಾಯಿ ನಿಗದಿಯಾಗಿತ್ತು, ತೆರಿಗೆ ಪ್ರತ್ಯೇಕ. ಮೋಟಾರಿನ ಕಿಲೋವ್ಯಾಟ್ ತಪ್ಪಾಗಿ ನಮೂದಾದರೆ ಮೇಲಿನ ದರ್ಜೆಯ ಪ್ರೀಮಿಯಂ ಬೀಳುತ್ತದೆ. ಸ್ವಂತ ವಾಹನಕ್ಕಾಗುವ ಹಾನಿಯ ವಿಮೆಯನ್ನು ಶೋರೂಮಿನಲ್ಲಿಯೇ ಮಾಡಿಸಬೇಕೆಂಬ ನಿಯಮವಿಲ್ಲ. ಹೊರಗಡೆ ಎರಡು ಮೂರು ಕಡೆ ದರ ಕೇಳಿ.

ಹೆಜ್ಜೆ 6: ಆದಾಯ ತೆರಿಗೆಯಲ್ಲಿನ ಕಡಿತ ಯಾರಿಗುಂಟು, ಯಾರಿಗಿಲ್ಲ

ಎಲ್ಲಕ್ಕಿಂತ ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ವಿಷಯದಲ್ಲಿ. ಎಲೆಕ್ಟ್ರಿಕ್ ವಾಹನದ ಸಾಲಕ್ಕೆ ಕಟ್ಟಿದ ಬಡ್ಡಿಯಲ್ಲಿ ವರ್ಷಕ್ಕೆ 1.5 ಲಕ್ಷ ರೂಪಾಯಿವರೆಗೆ ಕಡಿತ ಕೊಡುವ 80ಇಇಬಿ ಸೆಕ್ಷನ್ 2019ರ ಬಜೆಟ್‌ನಲ್ಲಿ ಬಂತು. ಈಗಲೂ ಶೋರೂಮಿನ ಜಾಹೀರಾತುಗಳಲ್ಲಿ ಅದರ ಹೆಸರು ಕಾಣಿಸುತ್ತದೆ. ಆದರೆ ಸಾಲ 2019ರ ಏಪ್ರಿಲ್ 1ರಿಂದ 2023ರ ಮಾರ್ಚ್ 31ರ ಒಳಗೆ ಮಂಜೂರಾಗಿರಬೇಕು ಎಂಬುದು ಆ ಸೆಕ್ಷನ್ನಿನ ಷರತ್ತು, ಆ ಅವಧಿ ವಿಸ್ತರಣೆಯಾಗಲಿಲ್ಲ. ಅದರ ನಂತರ ಸಾಲ ಮಾಡಿ ಬೈಕ್ ಕೊಂಡವರಿಗೆ, ಇವತ್ತು ಕೊಳ್ಳುವವರಿಗೆ, ಈ ಕಡಿತ ಸಿಗುವುದಿಲ್ಲ. ಸಾಲದ ಕಂತು ಹೊಂದಿಸುವಾಗ ಇದನ್ನು ನಂಬಿ ಲೆಕ್ಕ ಹಾಕಬೇಡಿ.

ಆ ಅವಧಿಯಲ್ಲಿ ಸಾಲ ಮಂಜೂರಾಗಿ ಇನ್ನೂ ಕಂತು ಕಟ್ಟುತ್ತಿರುವವರು ಬಡ್ಡಿ ಇರುವವರೆಗೂ ಕಡಿತ ಕೇಳಬಹುದು. ಅದಕ್ಕೆ ಬೇಕಾದ ಅರ್ಹತೆಗಳನ್ನು ಹೇಳಿಬಿಡುತ್ತೇನೆ. ಸಾಲಗಾರರು ವ್ಯಕ್ತಿಯಾಗಿರಬೇಕು, ಅವಿಭಕ್ತ ಕುಟುಂಬ, ಪಾಲುದಾರಿಕೆ ಸಂಸ್ಥೆ, ಕಂಪನಿಗಳಿಗೆ ಇದಿಲ್ಲ. ಸಾಲ ಬ್ಯಾಂಕಿನದ್ದೋ ಅರ್ಹ ಹಣಕಾಸು ಸಂಸ್ಥೆಯದ್ದೋ ಆಗಿರಬೇಕು. ಸಂಬಂಧಿಕರಿಂದ ಪಡೆದ ಕೈಗಡಕ್ಕೆ, ಚೀಟಿ ಹಣಕ್ಕೆ ಅನ್ವಯಿಸದು. ವಾಹನ ಸಂಪೂರ್ಣ ಬ್ಯಾಟರಿಯಿಂದಲೇ ಓಡಬೇಕು, ಬ್ರೇಕ್ ಹಾಕಿದಾಗ ಚಲನೆಯ ಶಕ್ತಿಯನ್ನು ವಿದ್ಯುತ್ತಾಗಿ ಪರಿವರ್ತಿಸುವ ವ್ಯವಸ್ಥೆ ಅದರಲ್ಲಿರಬೇಕು ಎಂದು ಕಾನೂನು ಸ್ಪಷ್ಟವಾಗಿ ಹೇಳುತ್ತದೆ. ಕಡಿತ ಸಿಗುವುದು ಬಡ್ಡಿಗೆ ಮಾತ್ರ, ಅಸಲಿಗಲ್ಲ.

ಕೊನೆಯ ಷರತ್ತು ಬಹಳ ಜನರನ್ನು ಹೊರಗಿಡುತ್ತದೆ: ಹಳೆಯ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಮಾತ್ರ ಇದು ಲಭ್ಯ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕಿದ್ದರೆ ಆರಿಸಿಕೊಳ್ಳಬೇಕು. 2025-26ರಲ್ಲಿ ಹೊಸ ಪದ್ಧತಿಯಡಿ 12 ಲಕ್ಷ ರೂಪಾಯಿವರೆಗಿನ ಆದಾಯಕ್ಕೆ ರಿಬೇಟಿನಿಂದಾಗಿ ತೆರಿಗೆಯೇ ಇಲ್ಲದಿರುವಾಗ, ಬೈಕಿನ ಬಡ್ಡಿಯ ಆಸೆಗೆ ಹಳೆಯ ಪದ್ಧತಿಗೆ ಹೋಗುವುದು ನಷ್ಟದ ದಾರಿ. ಬೈಕಿನ ಸಾಲದ ಬಡ್ಡಿ ವರ್ಷಕ್ಕೆ 9,000 ರೂಪಾಯಿ ಇದೆ ಎಂದುಕೊಳ್ಳಿ. ಶೇ 30ರ ಸ್ಲ್ಯಾಬಿನಲ್ಲಿರುವವರಿಗೂ ಸೆಸ್ ಸೇರಿ ಉಳಿಯುವುದು 2,808 ರೂಪಾಯಿ. ಒಂದೂವರೆ ಲಕ್ಷದ ಮಿತಿ ಕಾರಿನ ಸಾಲಕ್ಕೆ ಹೊಂದುವಂಥದ್ದು. ಗೃಹಸಾಲ, ಮನೆ ಬಾಡಿಗೆ ಭತ್ಯೆ ಮೊದಲಾದ ಕಾರಣಗಳಿಂದ ಹೇಗೂ ಹಳೆಯ ಪದ್ಧತಿಯಲ್ಲಿರುವವರು ಮಾತ್ರ ಇದನ್ನು ಮರೆಯದೆ ಸೇರಿಸಿಕೊಳ್ಳಲಿ. ಸಾಲದ ಮಂಜೂರಾತಿ ಪತ್ರ, ಆ ವರ್ಷದ ಬಡ್ಡಿ ಪ್ರಮಾಣಪತ್ರ, ಸಾಲದ ಖಾತೆ ಸಂಖ್ಯೆ, ವಾಹನದ ನೋಂದಣಿ ಸಂಖ್ಯೆ ಇವೆಲ್ಲ ರಿಟರ್ನ್ ತುಂಬುವಾಗ ಕೈಗೆಟಕುವಂತಿರಲಿ. 2026ರ ಏಪ್ರಿಲ್ 1ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಯಾಗುವುದರಿಂದ ಸೆಕ್ಷನ್ನುಗಳ ಸಂಖ್ಯೆ ಬದಲಾಗುತ್ತದೆ. ಆಗ ಹಳೆಯ ಸಂಖ್ಯೆ ಹುಡುಕಿ ಗಾಬರಿಯಾಗಬೇಡಿ.

ವ್ಯಾಪಾರಕ್ಕೆ ಬೈಕ್ ಬಳಸುವವರು

ಅಂಗಡಿಯ ಸರಕು ತಲುಪಿಸಲು, ಸೇಲ್ಸ್ ಕೆಲಸಕ್ಕೆ ಬೈಕ್ ಕೊಳ್ಳುವ ವ್ಯಾಪಾರಿಗಳಿಗೆ ಬೇರೊಂದು ದಾರಿಯಿದೆ, ಮತ್ತು ಅದು ಇಂದು ಕೊಳ್ಳುವವರಿಗೂ ಉಪಯುಕ್ತ. ಆದಾಯ ತೆರಿಗೆ ನಿಯಮಗಳ ಸವಕಳಿ (ಬಳಕೆಯಿಂದ ಇಳಿಯುವ ಬೆಲೆಯನ್ನು ವರ್ಷವರ್ಷ ಖರ್ಚೆಂದು ಕಳೆಯುವುದು) ಪಟ್ಟಿಯಲ್ಲಿ ಸಾಮಾನ್ಯ ಬೈಕಿಗೆ ಶೇ 15ರ ದರ ಇದ್ದರೆ, ವಿದ್ಯುತ್ ವಾಹನಗಳನ್ನು ನವೀಕರಿಸಬಹುದಾದ ಇಂಧನದ ಸಾಧನಗಳ ಜೊತೆ ಸೇರಿಸಿ ಶೇ 40ರ ದರ ಕೊಡಲಾಗಿದೆ. 1,20,000 ರೂಪಾಯಿಯ ಬೈಕಿನ ಮೇಲೆ ಮೊದಲ ವರ್ಷವೇ 48,000 ರೂಪಾಯಿಯನ್ನು ಖರ್ಚೆಂದು ತೋರಿಸಬಹುದು. ವರ್ಷದಲ್ಲಿ 180 ದಿನಕ್ಕಿಂತ ಕಡಿಮೆ ಬಳಸಿದ್ದರೆ ಅದರ ಅರ್ಧ. ಹೀಗಾಗಿ ಅಕ್ಟೋಬರ್ ಆರಂಭದೊಳಗೆ ಕೊಂಡು ಬಳಕೆಗೆ ತಂದರೆ ಪೂರ್ಣ ಲಾಭ. ವ್ಯಾಪಾರಕ್ಕಾಗಿ ಮಾಡಿದ ಸಾಲದ ಬಡ್ಡಿಯೂ ಖರ್ಚಿಗೆ ಸೇರುತ್ತದೆ. ಮನೆ ಬಳಕೆಗೂ ಅದೇ ಬೈಕ್ ಓಡಿಸುತ್ತಿದ್ದರೆ ಆ ಪಾಲನ್ನು ಪ್ರಾಮಾಣಿಕವಾಗಿ ಬಿಡಬೇಕು. ಲೆಕ್ಕಪುಸ್ತಕ ಇಡದೆ ವಹಿವಾಟಿನ ಶೇಕಡಾವಾರು ಲಾಭ ತೋರಿಸಿ ತೆರಿಗೆ ಕಟ್ಟುವ ಊಹಾತ್ಮಕ ಪದ್ಧತಿಯಲ್ಲಿರುವ ಸಣ್ಣ ವ್ಯಾಪಾರಿಗಳು ಸವಕಳಿಯನ್ನು ಪ್ರತ್ಯೇಕವಾಗಿ ಕಳೆಯಲಾಗದು ಎಂಬುದನ್ನೂ ತಿಳಿದಿರಬೇಕು.

ಹೆಜ್ಜೆ 7: ಗಾಡಿ ಮನೆಗೆ ಬಂದ ಮೇಲೆ

ಹಸಿರು ನಂಬರ್ ಪ್ಲೇಟ್ ಬಂದ ಸಂಭ್ರಮದಲ್ಲಿ ಕಾಗದಗಳನ್ನು ಡಿಕ್ಕಿಯಲ್ಲಿ ತುರುಕಿ ಮರೆಯುವುದು ಸಾಮಾನ್ಯ. ಮೊದಲ ವಾರದಲ್ಲಿಯೇ ಅರ್ಧ ಗಂಟೆ ಕುಳಿತು ಇನ್ವಾಯ್ಸ್, ಸಹಿಯಾದ ಇ-ವೋಚರ್, ಪಾವತಿಯ ರಸೀದಿಗಳು, ವಿಮೆ ಪಾಲಿಸಿ, ಚಾರ್ಜರ್‌ನ ಬಿಲ್, ಬ್ಯಾಟರಿ ವಾರಂಟಿ ಮತ್ತು ಸಾಲದ ಪತ್ರಗಳನ್ನು ಒಂದು ಫೈಲಿಗೆ ಹಾಕಿ, ಪ್ರತಿಯೊಂದರ ಫೋಟೊ ತೆಗೆದಿಡಿ. ಇನ್ವಾಯ್ಸ್‌ನಲ್ಲಿ ಸಬ್ಸಿಡಿಯ ಮೊತ್ತವನ್ನು ಬೇರೆ ಸಾಲಿನಲ್ಲಿ ಕಳೆದು ತೋರಿಸಿದ್ದಾರೆಯೇ ಎಂದು ಮತ್ತೊಮ್ಮೆ ನೋಡಿ. ವೋಚರ್‌ನ ಮೊತ್ತ, ಇನ್ವಾಯ್ಸ್‌ನಲ್ಲಿ ಕಳೆದ ಮೊತ್ತ ಎರಡೂ ಒಂದೇ ಆಗಿರಬೇಕು. ಸಹಿಯಾದ ವೋಚರ್‌ನ ಎಸ್‌ಎಂಎಸ್ ಬರದಿದ್ದರೆ ಡೀಲರ್‌ಗೆ ಇಮೇಲ್ ಬರೆಯಿರಿ, ಫೋನಿನಲ್ಲಿ ಕೇಳಿ ಸುಮ್ಮನಾಗಬೇಡಿ. ವಾರ ಕಳೆದರೂ ಉತ್ತರ ಬಾರದಿದ್ದರೆ ಕಂಪನಿಯ ಗ್ರಾಹಕ ವಿಭಾಗಕ್ಕೆ ಬರೆಯಿರಿ. ಅಲ್ಲಿಯೂ ಆಗದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ದಾಖಲಿಸಬಹುದು.

ಕಂಪನಿಗೆ ಸರ್ಕಾರದಿಂದ ಸಬ್ಸಿಡಿ ಬಾಕಿ ಇದೆ, ಆದ್ದರಿಂದ ಕಳೆದುಕೊಟ್ಟ ಹಣವನ್ನು ನೀವು ಹಿಂದಿರುಗಿಸಿ ಎಂದು ತಿಂಗಳುಗಳ ನಂತರ ಕೇಳಿಕೊಂಡು ಯಾರಾದರೂ ಬಂದರೆ, ಈ ಫೈಲೇ ನಿಮ್ಮ ಉತ್ತರ. ಆ ಬಾಕಿ ಕಂಪನಿ ಮತ್ತು ಸಚಿವಾಲಯದ ನಡುವಿನದು. ನಿಮ್ಮ ವ್ಯವಹಾರ ಇನ್ವಾಯ್ಸ್‌ನ ಅಂತಿಮ ಮೊತ್ತ ಪಾವತಿಯಾದ ದಿನವೇ ಮುಗಿದಿದೆ.